ಅತ್ತೆ ಹೇಳದೆ ಬಿಡುತ್ತಿದ್ದ ಮಾತು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ಅವಳ ಜೊತೆ ಬದುಕಿದವರಿಗೆ ಅದರ ಕಷ್ಟ ಗೊತ್ತು. ಹೊಸ ಅಂಗಿ ಹಾಕಿಕೊಂಡು ಎದುರಿಗೆ ಹೋಗಿ ನಿಂತರೆ, "ಬಣ್ಣ ಚೆನ್ನಾಗಿದೆ, ಬಲತೋಳು ಎಳೀತಿದೆ, ಬಿಚ್ಚಿ ಕೊಡು" ಎನ್ನುವಳು. ಮನೆಗೆ ಬಂದವರು ಹೊರಟು ನಿಂತಾಗ ಎಲ್ಲರೂ ಬಾಯಿಮಾತಿಗೆ "ಇನ್ನೂ ಸ್ವಲ್ಪ ಹೊತ್ತು ಇರಿ" ಎನ್ನುತ್ತಾರಲ್ಲ, ಅದನ್ನೂ ಅವಳು ಇರಬೇಕಾದವರಿಗೆ ಮಾತ್ರ ಹೇಳುವಳು. ಇದರಿಂದ ಅವಳ ಮನೆಗೆ ನೆಂಟರು ಕಡಿಮೆಯಾದರು, ಬಂದವರು ಮಾತ್ರ ಗಟ್ಟಿ ಜನ.

ಅವಳು ದೊಡ್ಡಾಸ್ಪತ್ರೆಯೊಂದರಲ್ಲಿ ಹರಿದ ಹಾಸಿಗೆ ಬಟ್ಟೆ ಹೊಲಿಯುವ ಕೆಲಸದಲ್ಲಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಸೂಜಿಯಮ್ಮ ಎನ್ನುತ್ತಿದ್ದರು. ನನ್ನ ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುತ್ತಿದ್ದರಿಂದ ಶಾಲೆ ಬಿಟ್ಟ ಕೂಡಲೇ ನಾನು ಸೀದಾ ಅವಳ ಹೊಲಿಗೆ ಕೋಣೆಗೆ ಹೋಗುತ್ತಿದ್ದೆ. ಅವಳು ಎಲ್ಲಿ ಹೋದರೂ ಹಿಂದೆ ನಾನು. ಹಾಗಾಗಿ ನನಗೆ ಬಾಲ ಎಂದು ಹೆಸರು ಬಿತ್ತು.

ಭಾನುವಾರ ಚರ್ಚಿನಲ್ಲಿ ಮೂರನೇ ಬೆಂಚಿನ ತುದಿಗೆ ಅವಳು, ಪಕ್ಕದಲ್ಲಿ ಈ ಬಾಲ. ಸಭೆಯೆಲ್ಲ ಎದ್ದು ನಿಂತು ಒಟ್ಟಿಗೆ ಒಂದು ಪ್ರಾರ್ಥನೆ ಹೇಳುತ್ತಿತ್ತು. "ಕರ್ತನೇ, ನಿನ್ನನ್ನು ನಂಬುತ್ತೇನೆ. ಕರ್ತನೇ, ನಿನಗೆ ವಂದಿಸುತ್ತೇನೆ. ಕರ್ತನೇ, ನಿನ್ನನ್ನು ಪೂರ್ಣ ಹೃದಯದಿಂದ ಪ್ರೀತಿಸುತ್ತೇನೆ." ಮೊದಲ ಎರಡನ್ನು ಅತ್ತೆ ಗಟ್ಟಿಯಾಗಿ ಹೇಳುವಳು. ಮೂರನೆಯದು ಬಂದಾಗ ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ನನಗೆ ಎಂಟು ವರ್ಷವಿದ್ದಾಗ ಇದು ಕಣ್ಣಿಗೆ ಬಿತ್ತು. ದಾರಿಯಲ್ಲಿ ಕೇಳಿಯೇಬಿಟ್ಟೆ.

"ಅತ್ತೆ, ಅದೊಂದು ಮಾತು ಮರ್ತುಹೋಗುತ್ತಾ ನಿಂಗೆ?"

"ಮರೆಯೋದಿಲ್ಲ. ಬಿಡ್ತೀನಿ."

"ಯಾಕೆ?"

"ನಿಜ ಅಲ್ಲ, ಅದಕ್ಕೆ. ನಂಬ್ತೀನಿ, ಅದು ನಿಜ. ವಂದಿಸ್ತೀನಿ, ಅದೂ ನಿಜ. ಪ್ರೀತಿ ಇನ್ನೂ ಬಂದಿಲ್ಲ ಕಣೇ. ಬರದೇ ಇರೋದನ್ನ ಬಂದಿದೆ ಅಂತ ಅವನ ಮುಂದೇನೇ ಹೇಳೋದಾ?" ಆಮೇಲೆ, "ಸಾಯೋದ್ರೊಳಗೆ ಒಂದ್ಸಲ ನಿಜವಾಗಿ ಹೇಳಬೇಕು ಅಂತ ಆಸೆ. ಹೇಳದೇ ಹೋಗ್ಬಿಡ್ತೀನೇನೋ ಅಂತ ಭಯ" ಎಂದಳು.

ದೊಡ್ಡವರು ಭಯ ಎಂಬ ಮಾತನ್ನು ನನ್ನ ಮುಂದೆ ಆಡಿದ್ದು ಅದೇ ಮೊದಲು. ಮುಂದಿನ ಭಾನುವಾರ ಆ ಮಾತು ಬಂದಾಗ ನಾನೂ ಬಾಯಿ ಮುಚ್ಚಿಕೊಂಡೆ. ಭಕ್ತಿಯಿಂದಲ್ಲ, ಅವಳನ್ನು ಒಬ್ಬಳೇ ಬಿಡಲು ಮನಸ್ಸಾಗಲಿಲ್ಲ.

ಸಭಾಪಾಲಕರ ಹತ್ತಿರವೂ ಅವಳು ಹೋಗಿ ಕೇಳಿದ್ದಳಂತೆ. ಅವರು ಒಳ್ಳೆಯವರು. "ಬಾಯಲ್ಲಿ ಹೇಳ್ತಾ ಇರಿ, ಮನಸ್ಸು ತಾನಾಗೇ ಹಿಂದೆ ಬರುತ್ತೆ" ಎಂದರು. ಅತ್ತೆ, "ನೂಲು ಹಾಕದೆ ಮೆಷಿನ್ ತುಳಿದ್ರೆ ಬಟ್ಟೆ ತುಂಬ ತೂತೇ ಆಗುತ್ತೆ ಅಯ್ಯನವರೇ" ಎಂದು ಎದ್ದು ಬಂದಳು. ಪಾಪ, ಆ ಮನುಷ್ಯ ಮತ್ತೆ ಅವಳ ತಂಟೆಗೆ ಬರಲಿಲ್ಲ.

ಇದರಿಂದ ತಲೆ ಕೆಡಿಸಿಕೊಳ್ಳದವರು ಮಾವ ಒಬ್ಬರೇ. ಮಾವನದು ಗಡಿಯಾರ ರಿಪೇರಿ. ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವರು. "ನನ್ನನ್ನೇ ಹನ್ನೊಂದು ವರ್ಷ ಕಾಯಿಸಿದ್ಲು. ದೇವರಿಗೇನವಸರ, ಕಾಯಲಿ ಬಿಡು" ಎನ್ನುತ್ತಿದ್ದರು. ಮದುವೆಯಾಗಿ ಹನ್ನೊಂದು ವರ್ಷ ಅತ್ತೆ ಅವರಿಗೆ ಅಡುಗೆ ಮಾಡಿಹಾಕಿದಳು, ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಹಾಕಿದಳು, ಆದರೆ ಪ್ರೀತಿ ಎಂಬ ಪದ ಎತ್ತಲಿಲ್ಲ. ಒಮ್ಮೆ ಮಾವ ನಾಲ್ಕು ದಿನ ತಂಗಿಯ ಮನೆಗೆ ಹೋದರು. ನಾಲ್ಕು ಸಂಜೆಯೂ ಅತ್ತೆ ಊಟಕ್ಕೆ ಎರಡು ತಟ್ಟೆ ಹಾಕಿದಳು. ನಾಲ್ಕನೆಯ ಸಂಜೆ ಆ ಖಾಲಿ ತಟ್ಟೆ ನೋಡುತ್ತ ಕೂತು ಅತ್ತಳು. ಮರುದಿನ ಮಾವ ಚೀಲ ಕೆಳಗಿಡುವ ಮೊದಲೇ, ಬಾಗಿಲಲ್ಲೇ, ಹೇಳಿದಳು. "ಚಪ್ಪಲಿ ಬಿಡೋಕೂ ಬಿಡಲಿಲ್ಲ" ಎಂದು ಮಾವ ಈ ಕಥೆ ಹೇಳುವಾಗಲೆಲ್ಲ ಅತ್ತೆಯ ಕಿವಿ ಕೆಂಪಾಗುತ್ತಿತ್ತು.

ಇನ್ನು ಅವಳ ಕೆಲಸದ ವಿಷಯ. ಹಾಸಿಗೆ ಬಟ್ಟೆ ಸವೆಯುವುದು ನಡುವಿನಲ್ಲಿ, ಮೈ ಬೀಳುವ ಕಡೆ. ಅಂಚುಗಳು ಹೊಸದರಂತೆಯೇ ಗಟ್ಟಿ ಇರುತ್ತವೆ. ಆಸ್ಪತ್ರೆಯವರು ಅದನ್ನು ಎಸೆಯುವುದಿಲ್ಲ. ನಡುವೆ ಉದ್ದಕ್ಕೆ ಕತ್ತರಿಸಿ, ಗಟ್ಟಿ ಅಂಚುಗಳೆರಡನ್ನೂ ನಡುವಿಗೆ ತಂದು ಕೂಡಿಸಿ, ಸವೆದ ಭಾಗವನ್ನು ಹೊರಕ್ಕೆ ಹಾಕಿ ಹೊಲಿಯುತ್ತಾರೆ. ಆಗ ಮಂಚದ ಮೇಲೆ ಹಾಸಿದಾಗ ಬಟ್ಟೆಯ ನಟ್ಟನಡುವೆ ಒಂದು ಹೊಲಿಗೆ ಬರುತ್ತದೆ. ಅದನ್ನು ಮಡಚಿ ಎರಡು ಸಲ ಹೊಲಿಯಬೇಕು. ಒಂದು ಮುಖದಲ್ಲಿ ಎರಡು ಗೆರೆ ಕಾಣುತ್ತವೆ, ಅಲ್ಲಿ ಬಟ್ಟೆ ದಪ್ಪವಾಗಿ ಉಬ್ಬಿರುತ್ತದೆ. ಇನ್ನೊಂದು ಮುಖದಲ್ಲಿ ಒಂದೇ ಗೆರೆ, ಅದು ನುಣುಪು.

ನೇರ ಹೊಲಿಗೆಯಲ್ಲಿ ಅತ್ತೆಯದು ಎತ್ತಿದ ಕೈ. ಆ ಜೋಡಿಗೆರೆ ನೂಲಿನಷ್ಟೂ ಅತ್ತಿತ್ತ ಹೋಗುತ್ತಿರಲಿಲ್ಲ. ಮೇಟ್ರನ್ ಅದನ್ನು ಬೇರೆಯವರಿಗೆ ತೋರಿಸಿ ಮೆಚ್ಚಿಕೊಳ್ಳುತ್ತಿದ್ದರು. ಅತ್ತೆಗೂ ಅದರ ಮೇಲೆ ಸ್ವಲ್ಪ ಹೆಮ್ಮೆ. ಹಾಗಾಗಿ ಆಸ್ಪತ್ರೆಯ ಮುದ್ರೆಯನ್ನು ಜೋಡಿಗೆರೆಯ ಮುಖದ ಮೇಲೇ ಒತ್ತುತ್ತಿದ್ದಳು. ವಾರ್ಡಿನಲ್ಲಿ ಮುದ್ರೆಯ ಮುಖ ಮೇಲೆ ಬರುವಂತೆ ಹಾಸುವುದು ರೂಢಿ. ಚಂದ ಕಾಣುವ ಮುಖ ಮೇಲೆ ಇರಲಿ ಎಂದು ಅವಳ ಲೆಕ್ಕ.

ನನಗೆ ಹನ್ನೆರಡು ವರ್ಷವಿದ್ದಾಗ ಒಂದು ಮಧ್ಯಾಹ್ನ ನರ್ಸ್ ಒಬ್ಬಳು ಹೊಲಿಗೆ ಕೋಣೆಗೆ ಬಂದು, "ಸೂಜಿಯಮ್ಮ, ಸ್ವಲ್ಪ ಮೇಲೆ ಬರ್ತೀರಾ?" ಎಂದಳು. ಬಾಲವೂ ಹೋಯಿತು. ಮೇಲಿನ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಇದ್ದರು. ಬಹಳ ವರ್ಷ ಶಾಲೆಯಲ್ಲಿ ಕಲಿಸಿದವರು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ತಾವಾಗಿ ಹೊರಳಲಾರರು. ನರ್ಸ್ ಅವರನ್ನು ಮೆಲ್ಲನೆ ಪಕ್ಕಕ್ಕೆ ಹೊರಳಿಸಿ ಬೆನ್ನು ತೋರಿಸಿದಳು. ತೆಳ್ಳಗಿನ ಬಿಳಿ ಬೆನ್ನಿನ ಮೇಲೆ, ಕುತ್ತಿಗೆಯಿಂದ ಸೊಂಟದವರೆಗೆ, ಕೆಂಪಗೆ ಎರಡು ಗೆರೆ. ನೂಲಿನಷ್ಟೂ ಅತ್ತಿತ್ತ ಹೋಗಿರಲಿಲ್ಲ. ಯಾರ ಕೈ ಎಂದು ಕೇಳಬೇಕಾದ್ದೇ ಇರಲಿಲ್ಲ.

ಅಜ್ಜಿ ದಿಂಬಿನಲ್ಲಿ ಮುಖವಿಟ್ಟುಕೊಂಡು ಹೇಳಿದರು, "ನೀವೇನಮ್ಮ ಹೊಲಿದಿದ್ದು? ಎಷ್ಟು ನೇರ! ನನ್ನ ಮಕ್ಕಳು ಅಡಿಪಟ್ಟಿ ಇಟ್ಟು ಎಳೆದ್ರೂ ಇಷ್ಟು ನೇರ ಬರ್ತಿರಲಿಲ್ಲ."

ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಅಲ್ಲೇ ಮಂಚದ ಕಂಬಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ ಹಾಕ್ದೆ. ಮೇಲೆ ಒಂದು ಬೆನ್ನು ಬರುತ್ತೆ ಅಂತ ಯೋಚ್ನೇನೇ ಮಾಡ್ಲಿಲ್ಲ" ಎಂದಳು.

"ಅಳಬೇಡಿ. ಹೊಲಿದ ಮೇಲೆ ಒಂದ್ಸಲ ನೀವೇ ಮಲಗಿ ನೋಡಿ, ಸಾಕು" ಎಂದರು ಟೀಚರಮ್ಮ. ತಪ್ಪು ಲೆಕ್ಕ ಮಾಡಿದ ಮಗುವಿಗೆ ಹೇಳಿಕೊಡುವ ದನಿಯಲ್ಲೇ ಹೇಳಿದರು.

ಅತ್ತೆ ಆಸ್ಪತ್ರೆಯಲ್ಲಿದ್ದ ಜೋಡಿಗೆರೆಯ ಬಟ್ಟೆಗಳನ್ನೆಲ್ಲ ವಾಪಸ್ಸು ತರಿಸಿದಳು. ಒತ್ತಿದ ಮುದ್ರೆ ಅಳಿಯುವಂಥದ್ದಲ್ಲ, ಹಾಗಾಗಿ ಒಂದೊಂದನ್ನೂ ಬಿಚ್ಚಿ, ಮುದ್ರೆಯ ಕಡೆಗೆ ನುಣುಪು ಮುಖ ಬರುವಂತೆ ಮತ್ತೆ ಹೊಲಿದಳು. ಆರು ವಾರ ಹಿಡಿಯಿತು. ನೂಲು ಬಿಚ್ಚುವ ಕೆಲಸ ನನಗೂ ಬಂತು, ಗೊಣಗಿಕೊಂಡೇ ಮಾಡಿದೆ. ಅಂದಿನಿಂದ, ಪ್ರತಿ ಬಟ್ಟೆ ಹೊಲಿದು ಮುಗಿಸಿದ ಮೇಲೆ ಅದನ್ನು ಕತ್ತರಿಸುವ ಉದ್ದ ಮೇಜಿನ ಮೇಲೆ ಹಾಸಿ, ಚಪ್ಪಲಿ ಬಿಟ್ಟು ಮೇಲೆ ಹತ್ತಿ, ಒಂದು ನಿಮಿಷ ಅಂಗಾತ ಮಲಗುತ್ತಿದ್ದಳು. ಬೆನ್ನು ಒಪ್ಪಿದರೆ ಮಾತ್ರ ಮುದ್ರೆ. ಹಾಗೆ ಹಾಸಿದ ಬಟ್ಟೆಗಳನ್ನು ಕುದಿಸಿ ಒಗೆದೇ ಮೇಲಕ್ಕೆ ಕಳಿಸುತ್ತಿದ್ದರು, ಆ ಚಿಂತೆ ಬೇಡ.

ಮೇಟ್ರನ್ ಒಮ್ಮೆ ಒಳಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಸೂಜಿಯಮ್ಮ! ಕೆಲಸದ ಹೊತ್ತಲ್ಲಿ ನಿದ್ದೆನಾ?"

"ನಿದ್ದೆ ಅಲ್ಲ ಮೇಡಂ, ಪರೀಕ್ಷೆ. ನೀವೂ ಮಾಡಿ ನೋಡಿ."

ಮೇಟ್ರನ್ ಗಂಭೀರವಾಗಿ ಹತ್ತಿ ಮಲಗಿದರು. ಬೆಳಗಿನಿಂದ ನಿಂತು ದಣಿದಿದ್ದ ಜೀವ, ಎರಡು ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದರು. ಅತ್ತೆ ಮೆಷಿನ್ ತುಳಿಯುವುದನ್ನು ನಿಲ್ಲಿಸಿ, ನನ್ನ ಬಾಯಿಯನ್ನೂ ಕೈಯಿಂದ ಮುಚ್ಚಿ, ಕಾಲು ಗಂಟೆ ಕಾವಲು ಕೂತಳು.

ಆ ಒಂದೊಂದು ನಿಮಿಷದಲ್ಲಿ ಕೈಗೆ ಕೆಲಸವಿಲ್ಲ. ಎದುರಿಗೆ ಸೂರು ಬಿಟ್ಟರೆ ನೋಡಲು ಬೇರೇನೂ ಇಲ್ಲ. ಅತ್ತೆ ಸೂರಿನ ಕಡೆ ಮಾತಾಡಲು ಶುರುಮಾಡಿದಳು. ಮೊದಮೊದಲು ವರದಿ ಒಪ್ಪಿಸುವ ಹಾಗೆ, "ಇದು ಸರಿಯಾಗಿದೆ. ಇದರ ಮೇಲೆ ಯಾರನ್ನ ಮಲಗಿಸ್ತೀಯೋ, ಚೆನ್ನಾಗಿ ನೋಡ್ಕೋ." ಅಷ್ಟೇ. ವರ್ಷ ಕಳೆದ ಹಾಗೆ ಮಾತು ಉದ್ದವಾಯಿತು. ಟೀಚರಮ್ಮ ತೀರಿಕೊಂಡ ದಿನ ಬಹಳ ಹೊತ್ತು ಮೇಜಿನಿಂದ ಇಳಿಯಲಿಲ್ಲ. ಇನ್ನೊಂದು ದಿನ ನಾನು ಹೋದಾಗ ಮಲಗಿಕೊಂಡೇ ಕುಲುಕುಲು ನಗುತ್ತಿದ್ದಳು.

"ಏನತ್ತೆ?"

"ಏನಿಲ್ಲ, ಮೇಟ್ರನ್ನಮ್ಮ ಗೊರಕೆ ಹೊಡೆದಿದ್ದನ್ನ ಅವನಿಗೆ ಹೇಳ್ತಿದ್ದೆ."

"ದೇವರಿಗೆ ಗೊತ್ತಿರಲ್ವಾ?"

"ಗೊತ್ತಿದ್ರೇನು? ನಿಮ್ಮ ಮಾವನಿಗೂ ನಾನು ಗೊತ್ತಿರೋದನ್ನೇ ಹೇಳ್ತೀನಿ."

"ಹಾಗಾದ್ರೆ ಈ ಭಾನುವಾರ ಆ ಮಾತು ಹೇಳ್ಬಹುದಲ್ಲ?"

ಅವಳ ನಗು ನಿಂತಿತು. "ಗೊತ್ತಿಲ್ಲ ಕಣೇ. ಮಾತಾಡೋ ಅಭ್ಯಾಸ ಆಗಿದೆ. ಅಭ್ಯಾಸಾನೋ ಪ್ರೀತೀನೋ, ನಂಗೆ ತಿಳೀತಿಲ್ಲ." ಆ ಭಾನುವಾರವೂ ನಾವಿಬ್ಬರೂ ಬಾಯಿ ಮುಚ್ಚಿಕೊಂಡೇ ನಿಂತೆವು.

ಅವಳು ನಿವೃತ್ತಳಾದಾಗ ನನಗೆ ಇಪ್ಪತ್ತಾರು. ಆ ವಾರದ ಶನಿವಾರ ಅವಳ ಮನೆಗೆ ಹೋದೆ. ಮಾವ ಬಾಗಿಲಲ್ಲೇ ದನಿ ತಗ್ಗಿಸಿ ಹೇಳಿದರು, "ಐದು ದಿನದಿಂದ ಹೀಗೇ. ನಾಲ್ಕು ಗಂಟೆಗೆ ಹೋಗಿ ಮಲಗ್ತಾಳೆ, ಎದ್ದು ಬರ್ತಾಳೆ, ಮತ್ತೆ ಹೋಗ್ತಾಳೆ. ಕೇಳಿದ್ರೆ ಏನೂ ಇಲ್ಲ ಅಂತಾಳೆ." ಅತ್ತೆ ಏನೂ ಇಲ್ಲ ಎಂದಳೆಂದರೆ, ಅದು ಅವಳು ಹೇಳಿದ ಮೊದಲ ಸುಳ್ಳು.

ಒಳಗೆ ಅವಳು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಮುಖ ಬಾಡಿತ್ತು.

"ಬಾಲ, ಅವನು ಅಲ್ಲೇ ಉಳಿದುಬಿಟ್ಟನೇನೋ."

"ಯಾರು?"

"ಇನ್ಯಾರು! ಹದಿನಾಲ್ಕು ವರ್ಷ ಆ ಮೇಜಿನ ಮೇಲೆ ಮಾತಾಡಿದೀನಿ. ಇಲ್ಲಿ ಮಲಗಿದ್ರೆ ಸೂರು ಬರೀ ಸೂರಾಗಿದೆ. ಬಾಯಿ ತೆರೀತೀನಿ, ಯಾರೂ ಇಲ್ಲ ಅನ್ಸುತ್ತೆ."

ನನಗೆ ಸಮಾಧಾನ ಮಾಡಲು ಬರುವುದಿಲ್ಲ, ಸಿಟ್ಟು ಬರುತ್ತದೆ. "ಏನತ್ತೆ ಇದು, ದೇವರು ಎಲ್ಲ ಕಡೆ ಇರ್ತಾನೆ ಅಂತ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು" ಎಂದೆ.

"ಅದು ನಂಗೂ ಗೊತ್ತು. ಇರ್ತಾನೆ ಅನ್ನೋ ಮಾತು ಬೇಡ ನಂಗೆ, ಅವನು ಬೇಕು" ಎಂದವಳ ಕಣ್ಣಿಂದ ನೀರು ಇಳಿಯಿತು.

ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಭೂತಗನ್ನಡಿ ಇನ್ನೂ ಹಣೆಯ ಮೇಲಿತ್ತು. ಅಡುಗೆಮನೆಗೆ ಹೋದರು. ಎರಡು ತಟ್ಟೆ ತಂದು ಅತ್ತೆಯ ಪಕ್ಕದಲ್ಲಿ, ಹಾಸಿಗೆಯ ಮೇಲೇ, ಒಂದರ ಪಕ್ಕ ಒಂದು ಇಟ್ಟರು.

ಅತ್ತೆ ತಟ್ಟೆ ನೋಡಿದಳು, ಮಾವನ ಮುಖ ನೋಡಿದಳು. ಖಾಲಿ ತಟ್ಟೆಯ ಮೇಲೆ ಮೆಲ್ಲನೆ ಕೈಯಾಡಿಸಿದಳು. ಅಳು ನಿಂತಿರಲಿಲ್ಲ, ಅದರ ನಡುವೆಯೇ ನಗುವೂ ಬಂತು. "ಆಗಲೂ ಖಾಲಿ ತಟ್ಟೆ ನೋಡೇ ಅಲ್ವಾ ತಿಳಿದಿದ್ದು? ಅಯ್ಯೋ, ನಾನೆಂಥ ದಡ್ಡಿ" ಎಂದಳು.

"ಅದು ನಂಗೆ ಮೊದಲೇ ಗೊತ್ತಿತ್ತು" ಎಂದು ಮಾವ ಗಡಿಯಾರದ ಮುಂದೆ ಹೋಗಿ ಕೂತರು.

ಮರುದಿನ ಭಾನುವಾರ. ಮೂರನೇ ಬೆಂಚು. ಸಭೆ ಎದ್ದು ನಿಂತಿತು. ಕರ್ತನೇ, ನಿನ್ನನ್ನು ನಂಬುತ್ತೇನೆ. ಕರ್ತನೇ, ನಿನಗೆ ವಂದಿಸುತ್ತೇನೆ. ಹದಿನೆಂಟು ವರ್ಷದ ರೂಢಿಯಂತೆ ನನ್ನ ಬಾಯಿ ತಾನಾಗಿ ಮುಚ್ಚಿತು. ಆಗ ಪಕ್ಕದಿಂದ, ಎಲ್ಲರಿಗಿಂತ ಒಂದು ಉಸಿರು ತಡವಾಗಿ, ಒಡೆದ ದನಿಯಲ್ಲಿ ಅತ್ತೆ ಹೇಳಿದಳು. ಪೂರ್ತಿ ಹೇಳಿದಳು. ಸಭೆಯೆಲ್ಲ ಮುಗಿಸಿ ಸುಮ್ಮನಾಗಿದ್ದರಿಂದ ಕೊನೆಯ ಪದ ಅವಳೊಬ್ಬಳದೇ ಕೇಳಿಸಿತು. ಮುಂದಿನ ಬೆಂಚಿನವರು ತಿರುಗಿ ನೋಡಿದರು.

ಕೂತ ಮೇಲೆ ಮೊಣಕೈಯಿಂದ ತಿವಿದು, "ನೀನ್ಯಾಕೆ ಸುಮ್ನೆ ನಿಂತಿದ್ದೆ?" ಎಂದು ಪಿಸುಗುಟ್ಟಿದಳು.

ನಿನಗೋಸ್ಕರ ಎನ್ನಲು ಬಾಯಿ ತೆರೆದೆ. ಅದು ಎಂಟು ವರ್ಷದವಳ ಉತ್ತರ. ಈಗ ಅವಳು ಆಚೆ ದಾಟಿದ್ದಳು, ಈಚೆ ಉಳಿದವಳು ನಾನೊಬ್ಬಳೇ. ಅವಳ ಪಕ್ಕ ಕೂತು ಸುಳ್ಳು ಹೇಳುವುದು ನನ್ನಿಂದ ಆಗದ ಕೆಲಸ.

"ನಂಗೆ ಇನ್ನೂ ಬಂದಿಲ್ಲ ಅತ್ತೆ" ಎಂದೆ.

ಅವಳಿಗೆ ಆಶ್ಚರ್ಯವಾಗಲಿಲ್ಲ. ನನ್ನ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. "ನಿಧಾನಕ್ಕೆ ಬರ್ಲಿ, ನಾನು ಪಕ್ಕದಲ್ಲೇ ಇರ್ತೀನಿ" ಎಂದಳು. ಮುಂದಿನ ಭಾನುವಾರ ಆ ಮಾತು ಬಂದಾಗ ಅವಳು ಅದನ್ನು ಮೆಲ್ಲಗೆ ಹೇಳಿದಳು, ಹೇಳಿ ಮುಗಿಸುವವರೆಗೂ ನನ್ನ ಕೈ ಬಿಡಲಿಲ್ಲ.