ಒಣಗಿಸದೆ ಹೆಪ್ಪುಗಟ್ಟಿಸಿದ ಸೆಲ್

ರೇಷ್ಮಾ, ನಿನ್ನ ಪ್ರಯೋಗದ ಪೊರೆ ಹರಿದದ್ದು ನನ್ನಿಂದ. ಆರು ವರ್ಷ ಇದನ್ನು ಬಾಯಿಬಿಡದೆ ನುಂಗಿಕೊಂಡಿದ್ದೆ — ಕಳೆದ ಭಾನುವಾರ ದೆಹಲಿಯ ಪೀತಮ್‌ಪುರಾದ ಮಾರ್ಕೆಟ್ಟಿನಲ್ಲಿ ನೀನು ಎದುರಾಗದಿದ್ದರೆ ಇನ್ನೂ ನುಂಗಿಕೊಂಡೇ ಇರುತ್ತಿದ್ದೆನೇನೋ.

ಆಗ ನೀನು ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿದ್ದೆ. ಹೈಡ್ರೋಜನ್‌ನಿಂದ ಕರೆಂಟು ಹುಟ್ಟಿಸುವ ಫ್ಯುಯೆಲ್ ಸೆಲ್‌ಗೆಂದು ನೀನೇ ತಯಾರಿಸಿದ ತೆಳು ಪೊರೆಯನ್ನು ಗ್ರೇಟರ್ ನೋಯ್ಡಾದ ನಮ್ಮ ಲ್ಯಾಬಿಗೆ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಲಡಾಖಿನ ಚಳಿಯಲ್ಲೂ ಅದರಿಂದ ಬಸ್ಸು ಓಡಬೇಕೆಂಬುದು ನಿನ್ನ ಆಸೆ. ಪರೀಕ್ಷೆ ನನ್ನ ಜವಾಬ್ದಾರಿ. "ರಾಯಚೂರಿನವಳಾ? ಹಾಗಾದ್ರೆ ಚಳಿ ತಡ್ಕೊಳ್ಳೋದನ್ನ ಮೊದಲು ನೀನು ಕಲಿ" ಎಂದು ನಿನ್ನನ್ನು ರೇಗಿಸಿದ್ದೆ.

ಸೆಲ್‌ನಲ್ಲಿ ಕರೆಂಟಿನ ಜೊತೆ ನೀರೂ ಹುಟ್ಟುತ್ತದೆ. ಅದು ಒಳಗೇ ಉಳಿದು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಪೊರೆಯನ್ನೂ ಅದರ ಮೇಲಿನ ಲೇಪವನ್ನೂ ಕಿತ್ತುಹಾಕುತ್ತದೆ. ಅದಕ್ಕೇ ಸೆಲ್ ಇಟ್ಟ ಶೀತಪೆಟ್ಟಿಗೆಯನ್ನು ಚಾಲೂ ಮಾಡುವ ಮೊದಲು ಒಂದು ಗಂಟೆ ಸೆಲ್‌ನೊಳಗೆ ಒಣಗಾಳಿ ಊದಬೇಕು. ಲ್ಯಾಬಿನಲ್ಲಿ ಎಲ್ಲರಿಗೂ ಈ ಪಾಠವನ್ನು ಗಂಟಲು ಹರಿಯುವಂತೆ ಹೇಳುತ್ತಿದ್ದವಳು ನಾನೇ.

ಆ ಶುಕ್ರವಾರ ಸಂಜೆ ಮಂಜು ಕವಿಯುತ್ತಿತ್ತು. ನಾವು ನಾಲ್ವರು ಹಂಚಿಕೊಂಡು ಮನೆಗೆ ಹೋಗುವ ಕಾರು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಮಂಜು ಹೆಚ್ಚುತ್ತಿದೆ, ಹೊರಡಿ ಎಂದು ಫೋನಿನಲ್ಲಿ ಸಹೋದ್ಯೋಗಿಯ ಅವಸರ: "ಮೇಡಂ, ಚಲಿಯೇ, ಕೋಹರಾ ಬಢ್ ರಹಾ ಹೈ!" ಹತ್ತು ನಿಮಿಷಕ್ಕೇ ಗಾಳಿ ನಿಲ್ಲಿಸಿದೆ. 'ಒಣಗಿಸಲಾಗಿದೆ' ಎಂಬ ಸಾಲಿನೆದುರು ಟಿಕ್ ಹಾಕಿದೆ — ಕೈ ಒಂದಿಷ್ಟೂ ತಡವರಿಸಲಿಲ್ಲ. ಹೆಪ್ಪುಗಟ್ಟಿಸುವುದು, ಕರಗಿಸುವುದು, ಮತ್ತೆ ಹೆಪ್ಪುಗಟ್ಟಿಸುವುದು, ಎಲ್ಲವನ್ನೂ ಯಂತ್ರ ಎರಡು ದಿನ ತಾನೇ ಮಾಡಿಕೊಂಡಿತು.

ಸೋಮವಾರ ಸೆಲ್ ಚಾಲೂ ಮಾಡಿದೆ. ವೋಲ್ಟೇಜು ಸ್ವಲ್ಪ ಏರಿ ಧೊಪ್ಪನೆ ಬಿತ್ತು. ಬಿಚ್ಚಿ ನೋಡಿದರೆ ಕಪ್ಪು ಲೇಪ ಹಪ್ಪಳದಂತೆ ಎದ್ದಿತ್ತು, ಪೊರೆಯಲ್ಲಿ ತೂತು. ಕಾರಣ ಆ ಕ್ಷಣವೇ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಹೊಸ ಸೆಲ್ ಕಟ್ಟಿ ಮತ್ತೆ ಪರೀಕ್ಷಿಸಬಹುದಿತ್ತು. ಅಷ್ಟರಲ್ಲಿ ನೀನು ಬಾಗಿಲಲ್ಲಿ ನಿಂತು, "ಏನಾಯ್ತು ಅಕ್ಕಾ?" ಎಂದು ಕೇಳಿದೆ.

ನಾನು — ಊರಿಗೆಲ್ಲ ಪಾಠ ಹೇಳುವ ನಾನು — "ಪೊರೆಯಲ್ಲೇ ದಮ್ಮಿಲ್ಲ ಕಣೇ. ಚಳಿಗೆ ಇದು ಆಗಲ್ಲ" ಎಂದುಬಿಟ್ಟೆ. ವರದಿಯಲ್ಲೂ ಅದನ್ನೇ ಬರೆದೆ.

ನೀನು ಜಗಳವಾಡುತ್ತೀಯ, ಇನ್ನೊಮ್ಮೆ ಪರೀಕ್ಷಿಸಿ ಅನ್ನುತ್ತೀಯ ಎಂದು ಕಾದೆ. ನೀನು ಸುಮ್ಮನೆ ತಲೆಯಾಡಿಸಿ ಹೋದೆ. ಎರಡೇ ತಿಂಗಳಿಗೆ ನೀನು ಪಿಎಚ್‌ಡಿ ಬಿಟ್ಟ ಸುದ್ದಿ ಬಂತು.

ಓಖ್ಲಾದಲ್ಲಿ ಬಟ್ಟೆ ರಫ್ತಿನ ಆಫೀಸೊಂದರಲ್ಲಿ ಇದ್ದೀನಿ ಎಂದು ನೀನು ಭಾನುವಾರ ಹೇಳಿದೆ. ಆಮೇಲೆ ನನ್ನ ಕೈ ಹಿಡಿದೆ. "ಅಕ್ಕಾ, ಎಲ್ರೂ ಸುಮ್ನೆ ಹೊಗಳ್ತಿದ್ರು. ನೀವೊಬ್ರೇ ನಿಜ ಹೇಳಿದ್ದು. ಇಲ್ಲಾಂದ್ರೆ ಇನ್ನೂ ಅದನ್ನೇ ಹಿಡ್ಕೊಂಡು ಕೂತಿರ್ತಿದ್ದೆ. ಥ್ಯಾಂಕ್ಸ್."

ಥ್ಯಾಂಕ್ಸ್ — ನನಗೆ! ಚೀಲ ಕೈಯಿಂದ ಜಾರಿ ಬಟಾಣಿಕಾಯಿ ರಸ್ತೆಯ ಮೇಲೆಲ್ಲ ಚೆಲ್ಲಿತು. ನೀನೇ ಬಗ್ಗಿ ಆರಿಸಿಕೊಟ್ಟೆ. ಆಗಲೂ ನಿಜ ಹೇಳದೆ ಚೀಲ ತೆಗೆದುಕೊಂಡು ಹೊರಟುಬಂದೆ. ನನ್ನ ಸುಳ್ಳನ್ನು ನೀನು ಇಷ್ಟು ವರ್ಷ ಉಪಕಾರವೆಂದು — ಇಲ್ಲ, ಈ ಗಾಬರಿ ಇನ್ನೂ ಇಳಿದಿಲ್ಲ.

ಒಣಗಾಳಿ ಎಷ್ಟು ಹೊತ್ತು ಓಡಿತೆಂಬ ದಾಖಲೆ ಲ್ಯಾಬಿನ ಕಂಪ್ಯೂಟರಿನಲ್ಲಿ ಹಾಗೇ ಇದೆ. ನನ್ನ ಟಿಕ್ಕನ್ನು ನಂಬಿ ಯಾರೂ ಅದನ್ನು ತೆರೆದಿರಲಿಲ್ಲ. ಇಂದು ಬೆಳಿಗ್ಗೆ ಆ ದಾಖಲೆಯನ್ನೂ ನನ್ನ ತಪ್ಪೊಪ್ಪಿಗೆಯನ್ನೂ ನಿನ್ನ ಪ್ರೊಫೆಸರಿಗೆ, ನಮ್ಮ ನಿರ್ದೇಶಕರಿಗೆ ಕಳಿಸಿದ್ದೇನೆ. ನಿನ್ನ ಪೊರೆ ಚಳಿ ತಡೆಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅದನ್ನು ಯಾರೂ ಸರಿಯಾಗಿ ಪರೀಕ್ಷಿಸಲೇ ಇಲ್ಲ, ರೇಷ್ಮಾ.

ಅವರಿಗೆಲ್ಲ ಕಳಿಸಿದ ಮೇಲೆ, ಬೇಕೆಂದೇ, ನಿನಗೆ ಕೊನೆಗೆ ಬರೆಯುತ್ತಿದ್ದೇನೆ. ಮೊದಲು ನಿನಗೇ ಹೇಳಿದ್ದರೆ ನೀನು "ಹೋಗ್ಲಿ ಬಿಡಿ ಅಕ್ಕಾ" ಅನ್ನುತ್ತಿದ್ದೆ. ನಾನು ಬಿಟ್ಟೂಬಿಡುತ್ತಿದ್ದೆ.