ಅಮಾವಾಸ್ಯೆ ಕಳೆದರೆ ಹತ್ತುವ ದೀಪ

ನಂಗವಳ್ಳಿಯಲ್ಲಿ ಕಾರು ಕೆಟ್ಟರೆ ಮುನುಸ್ವಾಮಿಯ ಷೆಡ್ಡಿಗೆ ತರಬೇಕು. ತಂದ ಮೇಲೆ ಅವನ ಭಾಷಣವನ್ನೂ ಕೇಳಬೇಕು. ರಿಪೇರಿಗೆ ಕೂಲಿ, ಭಾಷಣ ಧರ್ಮಾರ್ಥ. ಪಂಕ್ಚರ್ ಹಾಕುವಾಗಲೂ ಗಾಳಿಯ ಸ್ವಭಾವದ ಬಗ್ಗೆ ನಾಲ್ಕು ಮಾತಾಡದೆ ಟ್ಯೂಬು ಮುಟ್ಟುವವನಲ್ಲ. ಕಾರಿನ ರೋಗ ಓದುವ ಸ್ಕ್ಯಾನರ್ ಕೊಂಡ ಮೇಲಂತೂ ಅದಕ್ಕೆ ಕುಂಕುಮವಿಟ್ಟು, ಕೊರಳಿಗೆ ತೂಗುಹಾಕಿಕೊಂಡು, ಡಾಕ್ಟರರ ನಡಿಗೆಯನ್ನೇ ಕಲಿತುಬಿಟ್ಟಿದ್ದ.

ಅಂಥವನು ಆ ಕೆಂಪು ಕಾರಿನ ಸುದ್ದಿ ಬಂದರೆ ಮಾತು ಬದಲಿಸತೊಡಗಿದ.

ಎರಡೇ ಸೀಟಿನ, ನೆಲಕ್ಕೆ ಅಂಟಿದಂತೆ ಓಡುವ ಆ ಹಳೆಯ ಸ್ಪೋರ್ಟ್ಸ್ ಕಾರನ್ನು ನೇಕಾರ ರಾಮಚಂದ್ರಪ್ಪನ ಮಗ ಧನಶೇಖರ್ ಬೆಂಗಳೂರಿನಲ್ಲಿ ಯಾರಿಂದಲೋ ಕೊಂಡು ತಂದಿದ್ದ. ವರ್ಷ ತುಂಬುವ ಮೊದಲೇ, ಸೀರೆ ಮಡಿಚುತ್ತ ಕೂತಿದ್ದ ಧನಶೇಖರ್ ಎದೆ ಹಿಡಿದುಕೊಂಡು ಗೋಡೆಗೆ ಒರಗಿದವನು ಏಳಲಿಲ್ಲ. ಅವನು ಹೋದ ಮೇಲಿನ ಮೊದಲ ಅಮಾವಾಸ್ಯೆ ಕಳೆದು ಸ್ವಲ್ಪ ದಿನಕ್ಕೆ ಕಾರಿನ ಮೀಟರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿತು.

ಮುನುಸ್ವಾಮಿ ಸ್ಕ್ಯಾನರ್ ಚುಚ್ಚಿದ. ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಹೇಳುತ್ತಿತ್ತು. ಬಿಚ್ಚಿ ಒರೆಸಿದ, ದೀಪ ಆರಿತು. ಮುಂದಿನ ಅಮಾವಾಸ್ಯೆ ಕಳೆಯಿತು, ಮತ್ತೆ ಹತ್ತಿತು. ಹೊಸ ಸೆನ್ಸರ್ ಹಾಕಿದ. ಹತ್ತಿತು. ವೈರು ಬದಲಿಸಿದ. ಆದರೂ ಹತ್ತಿತು.

ರಾಮಚಂದ್ರಪ್ಪನ ಲೆಕ್ಕದಲ್ಲಿ ಮಗನಿಗೆ ದಾರಿ ಸಿಕ್ಕಿಲ್ಲ. ಕಾರಿನೊಳಗೆ ಸಿಕ್ಕಿಕೊಂಡು ನರಳುತ್ತಿದ್ದಾನೆ. ಧರ್ಮಪುರಿಯವರೊಬ್ಬರು ಕೊಳ್ಳಲು ತಯಾರಿದ್ದರು, ದೀಪ ಆರಿದರೆ. ಸೊಸೆ ಶರಣ್ಯಳಿಗೆ ಅದು ಆರುವುದೇ ಬೇಡವಾಗಿತ್ತು.

"ಅಣ್ಣಾ, ಅದ ಆರಿಸ್ಬ್ಯಾಡಿ. ಅವ್ರು ಇಲ್ಲೇ ಅವ್ರೆ," ಎಂದು ಷೆಡ್ಡಿಗೇ ಬಂದು ಹೇಳಿದ್ದಳು.

"ಏನಮ್ಮಾ, ಕಾಲೇಜು ಓದ್ದೋಳು ನೀನು. ಪೇಯ್ ಪಿಸಾಸು ಅಂತೀಯಲ್ಲ!"

"ಪೇಯ್ ಅಂತ ಯಾರಂದ್ರು? ನನ್ ಗಂಡ ಅಂದೆ."

ಮುನುಸ್ವಾಮಿ ನಕ್ಕ. ಆದರೆ ಅವಳಿಗೆ ಹೇಳದ ಸಂಗತಿಯೊಂದಿತ್ತು. ಪ್ರತಿ ಸಲ ಬಿಚ್ಚಿದಾಗಲೂ ಸೆನ್ಸರಿನ ಕೂದಲೆಳೆ ತಂತಿಯ ಮೇಲೆ ಕಂದು ಬಣ್ಣದ ಅಂಟು ಇರುತ್ತಿತ್ತು. ಒಮ್ಮೆ ಮೂಸಿ ನೋಡಿದ. ಸಾವಾದ ಮನೆಯ ವಾಸನೆ ಬಂತು. ಅಂದಿನಿಂದ ಆ ಕಾರನ್ನು ಷೆಡ್ಡಿನೊಳಗೆ ಬಿಡಲಿಲ್ಲ. ಹೊರಗೆ ಹುಣಸೆಮರದ ಕೆಳಗೆ ನಿಲ್ಲಿಸಿದ. ಮರ ಹುಣಸೆಯದೆಂದು ಹೊಳೆದ ಮೇಲೆ ಬೇವಿನ ಕೆಳಗೆ ಸರಿಸಿದ. ವಿಜ್ಞಾನದ ಮೇಲೆ ಅಪಾರ ನಂಬಿಕೆಯಿದ್ದವನಾದ್ದರಿಂದ ಜೇಬಿನಲ್ಲಿ ಒಂದೇ ಒಂದು ನಿಂಬೆಹಣ್ಣು ಇಟ್ಟುಕೊಂಡ. ಯಾರಾದರೂ ಕೇಳಿದರೆ, "ಸಾಫ್ಟ್‌ವೇರ್ ಪ್ರಾಬ್ಲಂ," ಎನ್ನುತ್ತಿದ್ದ.

ಕೊನೆಗೆ ಆಡಿ ತಿಂಗಳ ಅಮಾವಾಸ್ಯೆಗೆ, ಏನಾಗುತ್ತದೋ ಕಣ್ಣಾರೆ ನೋಡಿಬಿಡೋಣವೆಂದು ಸಂಜೆ ರಾಮಚಂದ್ರಪ್ಪನ ಮನೆಗೇ ಹೋಗಿ ಜಗಲಿಯ ಮೇಲೆ ಕೂತ. ಕಾರನ್ನು ಅದಾಗಲೇ ಸೆನ್ಸರ್ ಒರೆಸಿ, ದೀಪ ಆರಿಸಿ ಕಳಿಸಿದ್ದ.

ರಾಮಚಂದ್ರಪ್ಪ ಕೆಂಡದ ಬಟ್ಟಲಿಗೆ ಸಾಂಬ್ರಾಣಿ ಉದುರಿಸಿ ಮೊದಲು ಮಗನ ಫೋಟೋಕ್ಕೆ ಹೊಗೆ ತೋರಿಸಿದ. ಆಮೇಲೆ ಮಗ್ಗಕ್ಕೆ. ಶರಣ್ಯ ಮಗ್ಗದ ಗುಂಡಿಗೆ ಇಳಿದು, ಹೊಗೆ ಸುಳಿಯುವಷ್ಟು ಹೊತ್ತೂ ಲಾಳಿ ಎಸೆಯುತ್ತಲೇ ಇದ್ದಳು.

"ನಿಂತಿರೋದಕ್ಕೆ ಹೊಗೆ ತೋರ್ಸಬಾರ್ದು ಕಣ್ಲಾ ಮುನುಸ್ವಾಮಿ," ಎಂದ ಮುದುಕ. "ಮಗ್ಗ ಆದ್ರೂ ಸರಿ, ಬಂಡಿ ಆದ್ರೂ ಸರಿ. ಆಡ್ತಾ ಇರ್ಬೇಕು. ನಮ್ಮಪ್ಪನ ಕಾಲ್ದಿಂದ ಅಂಗೇ."

ನಂತರ ಮಾವ ಸೊಸೆ ಇಬ್ಬರೂ ಅಂಗಳಕ್ಕೆ ಬಂದರು. ಶರಣ್ಯ ಬಾನೆಟ್ ಎತ್ತಿ ಎಂಜಿನ್ ಶುರುಮಾಡಿದಳು. ಅದು ಗುರುಗುಟ್ಟಿತು. ಮಗ ಹೋದಂದಿನಿಂದ ಪ್ರತಿ ಅಮಾವಾಸ್ಯೆಗೂ ಮಾಡುವಂತೆ ಮಾವ ಬಟ್ಟಲನ್ನು ಒಳಗೆ ಚಾಚಿದ. ಹೊಗೆ ಮೇಲೇಳಲಿಲ್ಲ. ಕತ್ತಲಲ್ಲಿ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡ ಹಾಗೆ ಒಳಕ್ಕೆ ಹೋಯಿತು.

ಮುನುಸ್ವಾಮಿ ಎದ್ದು ಗೇಟಿನ ಕಡೆ ಎರಡು ಹೆಜ್ಜೆ ಹಾಕಿಯೇಬಿಟ್ಟ. ಆಗ ನೆನಪಾಯಿತು: ಬೆಂಗಳೂರಿನ ಹಿಂದಿನ ಮಾಲೀಕ ಸದ್ದು ಜೋರಾಗಲಿ ಎಂದು ಮುಚ್ಚಳವೇ ಇಲ್ಲದ ಏರ್ ಫಿಲ್ಟರ್ ಹಾಕಿಸಿದ್ದ. ಉಸಿರೆಳೆಯುತ್ತಿದ್ದದ್ದು ಅದು.

ಇಷ್ಟು ತಿಂಗಳು ಅವಮಾನ ನುಂಗಿದವನಿಗೆ ದೊಡ್ಡದೊಂದು ಭಾಷಣ ಗಂಟಲವರೆಗೂ ಬಂತು. ಬಾಯಿಂದ ಹೊರಬಿದ್ದದ್ದು ಇಷ್ಟೇ: "ಯಜಮಾನ್ರೆ, ಈ ಹೊಗೇನೇ. ಒಳಗೋಗಿ ತಂತಿಗೆ ಅಂಟ್ಕೊಳ್ತೈತೆ. ಅದಕ್ಕೇ ದೀಪ ಹತ್ತೋದು."

ಶರಣ್ಯ ಎಂಜಿನ್ ನಿಲ್ಲಿಸಿದಳು.

"ಅಂಗಾರೆ ನನ್ ಮಗ ಅದ್ರೊಳಗಿಲ್ವಾ?"

"ಇಲ್ಲ."

"ನರಳ್ತಾ ಇಲ್ವಾ?"

"ಇಲ್ಲ ಯಜಮಾನ್ರೆ. ಸತ್ಯಮಾ ಇಲ್ಲ."

ರಾಮಚಂದ್ರಪ್ಪ ಬಟ್ಟಲನ್ನು ನೆಲಕ್ಕಿಟ್ಟು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹೊತ್ತ ಮೂಟೆ ಇಳಿಸಿದವನ ಅಳು ಅದು. "ಭಾನುವಾರ ಧರ್ಮಪುರಿಯೋರು ಬಂದು ಬಂಡಿ ತಗೊಂಡೋಗ್ಲಿ," ಎಂದ.

ಶರಣ್ಯ ಅಳಲಿಲ್ಲ. "ಅಂಗಾರೆ ಇಷ್ಟ್ ದಿನ ನಾನು ಹೊಗೆ ಜೊತೆ ಮಾತಾಡ್ದೆನಾ ಅಣ್ಣಾ?"

ಮುನುಸ್ವಾಮಿ ಸೆನ್ಸರ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ. ಬಾನೆಟ್ ಮುಚ್ಚಿ, "ಒಂದ್ಸಲ ಸ್ಟಾರ್ಟ್ ಮಾಡಿ ನೋಡಮ್ಮಾ," ಎಂದ.

ಅವಳು ಒಳಗೆ ಕೂತು ಕೀಯನ್ನು ಅರ್ಧ ತಿರುಗಿಸಿದಳು. ಹಳದಿ ದೀಪ ಹತ್ತಿತು. ಅವಳ ಕೈ ಅಲ್ಲೇ ನಿಂತಿತು.

ಅದು ಎಲ್ಲ ಕಾರುಗಳಲ್ಲೂ ಹತ್ತುತ್ತದೆ. ಬಲ್ಬು ಸರಿಯಾಗಿದೆ ಎಂದು ತೋರಿಸಿ, ಎಂಜಿನ್ ಶುರುವಾದೊಡನೆ ಆರಿಹೋಗುತ್ತದೆ. ಡ್ರೈವಿಂಗ್ ಕಲಿಯುವವರಿಗೆಲ್ಲ ಮುನುಸ್ವಾಮಿ ಇದನ್ನು ಕರೆದು ಕೂರಿಸಿ ಹೇಳುತ್ತಿದ್ದ. ಈಗ ಗಾಜಿನಾಚೆ ಅವಳ ಗಲ್ಲದ ಮೇಲೆ ಆ ಬೆಳಕು ಬಿದ್ದಿತ್ತು.

"ಇದು ಎಷ್ಟೊತ್ತು ಇರ್ತೈತೆ ಅಣ್ಣಾ?"

"ನೀನು ಸ್ಟಾರ್ಟ್ ಮಾಡೋಗಂಟ ಇರ್ತೈತಮ್ಮಾ," ಎಂದ. ಹಾಗೆಯೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ಮಾತನ್ನು ನುಂಗಿಕೊಂಡು, ಮುದುಕನ ಪಕ್ಕದಲ್ಲಿ ಹೋಗಿ ಕೂತ.