ಮೂರಡಿ ನೀರು ಸಾಕು ಅಂದವರು

ಮೊನ್ನೆ ಭಾನುವಾರ ನಮ್ಮ ಬಡಾವಣೆಯ ಸಂಘದ ಮೀಟಿಂಗ್ ನಡೆದದ್ದು ಈಜುಕೊಳದಲ್ಲಿ. ಪಕ್ಕದಲ್ಲಲ್ಲ, ಒಳಗೆ. ಎಲ್ಲರೂ ಚಪ್ಪಲಿ ಹಾಕಿಕೊಂಡೇ ಇಳಿದಿದ್ದೆವು.

(ಗಾಬರಿ ಬೇಡ. ಅದರಲ್ಲಿ ನೀರಿಲ್ಲದೆ ಬಹಳ ಕಾಲವಾಯಿತು.)

ಸಾಗರ ಪೇಟೆಯ ಅಂಚಿನ ನಮ್ಮ ಲೇಔಟಿಗೆ ಆ ಕೊಳವೇ ದೊಡ್ಡ ಹೆಮ್ಮೆ. ಸೈಟು ಮಾರುವಾಗ ತೋರಿಸಿದ ಚಿತ್ರದಲ್ಲಿ ನೀಲಿ ನೀರಿತ್ತು, ನಗುವ ಮಕ್ಕಳಿದ್ದರು. ಆಟೋದವರಿಗೆ ಇವತ್ತಿಗೂ ನಾವು ‘ಸ್ವಿಮ್ಮಿಂಗ್ ಪೂಲ್ ಲೇಔಟಿನವರು’. ಒಳಗೆ ಇಳಿದು ನೋಡಿದರೆ ಟೈಲ್ಸ್ ಎದ್ದಿವೆ, ಕಬ್ಬಿಣದ ಏಣಿ ತುಕ್ಕು ಹಿಡಿದಿದೆ, ಫಿಲ್ಟರಿನಲ್ಲಿ ಜೇಡಿಮಣ್ಣು ಗಟ್ಟಿಯಾಗಿ ಕೂತಿದೆ.

ಜೇಡಿಮಣ್ಣು ಎಲ್ಲಿಂದ ಬಂತು ಅಂತೀರಾ? ನಮ್ಮ ಗಣಪತಿಯದು! ಕೆರೆಗೆ ಒಯ್ಯಲು ಆ ವರ್ಷ ಟ್ರ್ಯಾಕ್ಟರ್ ಸಿಗಲಿಲ್ಲ. ಮನೆ ಮುಂದೆಯೇ ನೀರಿದೆಯಲ್ಲ ಎಂದು ಎಲ್ಲರೂ ಸೇರಿ ಜೈಕಾರ ಹಾಕಿ ಕೊಳದಲ್ಲೇ ಮುಳುಗಿಸಿದೆವು. ಮರುದಿನ ಮೋಟಾರು ಕೈಕೊಟ್ಟಿತು. ಅಲ್ಲಿಗೆ ಈಜು ಮುಗಿಯಿತು. ಬೇಸಿಗೆಯಲ್ಲಿ ನಾವು ಹೆಂಗಸರು ಆ ಖಾಲಿ ಕೊಳದಲ್ಲಿ ಹಲಸಿನ ಹಪ್ಪಳ ಒಣಗಿಸತೊಡಗಿದೆವು. (ಒಳ್ಳೆಯ ಬಿಸಿಲು, ದನದ ಕಾಟವಿಲ್ಲ. ಇನ್ನೇನು ಬೇಕು?)

ಈ ವರ್ಷ ಅದನ್ನು ರಿಪೇರಿ ಮಾಡಿಸಲೇಬೇಕು ಎಂದು ತೀರ್ಮಾನವಾಗಿತ್ತು. ಏನೇನು ಹಾಳಾಗಿದೆ ಎಂದು ಎಲ್ಲರೂ ಕಣ್ಣಾರೆ ನೋಡಲಿ ಅಂತ ಅಧ್ಯಕ್ಷರು ಮೀಟಿಂಗನ್ನು ಅಲ್ಲೇ ಕರೆದಿದ್ದರು. ಸಭ್ಯ ಮನುಷ್ಯ, ನಿವೃತ್ತ ಅಧಿಕಾರಿ. ಬಡಾವಣೆಗಾಗಿ ಓಡಾಡುವವರು ಅವರೊಬ್ಬರೇ. ಹಾಗಾಗಿ ಅವರು ಹೇಳಿದ್ದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ಮೆಟ್ಟಿಲು ಇರುವುದು ಆಳವಿಲ್ಲದ ಕಡೆ. ನಾವು ಹೆಂಗಸರು ಇಳಿದವರೇ ಅಲ್ಲೇ ಗುಂಪಾಗಿ ನಿಂತೆವು. ಗಂಡಸರು ಇಳಿಜಾರಿನಲ್ಲಿ ಮುಂದೆ ನಡೆದು ಆಳದ ಕಡೆ ನಿಂತರು. ಹೀಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಮದುವೆ ಮನೆಯಲ್ಲಿ ಎರಡು ಕಡೆಯಾಗಿ ಕೂರುತ್ತೇವಲ್ಲ, ಅದೇ ಅಭ್ಯಾಸ.

ಅಧ್ಯಕ್ಷರು ಆಳದಿಂದಲೇ ಪ್ಲಾನ್ ಹೇಳಿದರು. ಹೊಸ ಟೈಲ್ಸ್, ಹೊಸ ಫಿಲ್ಟರ್, ಹೊಸ ಏಣಿ. ಎಲ್ಲ ಸರಿ. ಕೊನೆಗೆ ಒಂದು ಮಾತು: “ಈ ಆಳದ ಕಡೆಗೆ ಮಣ್ಣು ತುಂಬ್ಸಿ ಕಾಂಕ್ರೀಟ್ ಹಾಕ್ಸೋಣ. ಪೂರ್ತಿ ಮೂರಡಿ ಮಾಡಿಬಿಡೋಣ. ಬರೋರು ಹೆಂಗಸ್ರು, ಮಕ್ಳು. ಅವ್ರಿಗೆ ಮೂರಡಿ ನೀರು ಧಾರಾಳ ಸಾಕು. ಆಳ ಇದ್ರೆ ಅಪಾಯ ಅಲ್ವಾ?”

ಎಲ್ಲರೂ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು.

“ಅಪಾಯ ಅಂದ್ರೆ ಈಜು ಕಲಿಸ್ಬೇಕೋ, ಮಣ್ಣು ತುಂಬಿಸ್ಬೇಕೋ ಸಾರ್?” ಎಂದೆ.

ಅವರು ನಕ್ಕರು. “ಹಪ್ಪಳ ಒಣಗ್ಸೋಕೆ ಬಿಟ್ರೆ ನೀವು ಯಾವತ್ತಾದ್ರೂ ಇದಕ್ಕೆ ಇಳಿದಿದ್ರಾ ಮೇಡಂ?”

ಗಂಡಸರ ಕಡೆಯಿಂದ ಜೋರು ನಗು. ನಿಜವಾದ ಮಾತಾದ್ದರಿಂದ ಚೆನ್ನಾಗಿಯೇ ಚುಚ್ಚಿತು. ಯಾಕೆ ಇಳಿಯಲಿಲ್ಲ? ನೀರಿದ್ದ ಕಾಲದಲ್ಲಿ ‘ಲೇಡೀಸ್ ಟೈಮಿಂಗ್’ ಅಂತ ಕೊಟ್ಟಿದ್ದು ಮಧ್ಯಾಹ್ನ ಎರಡರಿಂದ ಮೂರು. ಊಟದ ಪಾತ್ರೆ ಸಿಂಕಿನಲ್ಲಿ ಬಿದ್ದಿರುವ ಹೊತ್ತು! ಉಳಿದ ಹೊತ್ತೆಲ್ಲ ಹುಡುಗರು ಕಟ್ಟೆಯಿಂದ ಹಾರುತ್ತಿದ್ದರು.

ಈ ಕಥೆ ನಮ್ಮ ಲೇಔಟಿನದು ಮಾತ್ರವೇ? ಅತ್ತ ಶರಾವತಿಯ ಹಿನ್ನೀರು, ಇತ್ತ ತುಂಗೆ. ಎತ್ತ ಹೋದರೂ ನೀರಿರುವ ಸೀಮೆ ನಮ್ಮದು. ಗಂಡುಮಕ್ಕಳಾದರೆ ಈಜು ಕಲಿಯಲಿ ಎಂದು ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ನೀರಿಗೆ ತಳ್ಳುತ್ತಿದ್ದರು. ಅದೇ ನೀರಿಗೆ ನಮ್ಮನ್ನು ಬಟ್ಟೆ ಗಂಟು ಕೊಟ್ಟು ಕಳಿಸುತ್ತಿದ್ದರು. ಜೊತೆಗೊಂದು ಎಚ್ಚರಿಕೆ, “ಕೊನೇ ಮೆಟ್ಲು ಇಳೀಬೇಡ”. ನಾವು ಇಳಿಯಲೇ ಇಲ್ಲ.

ಇಷ್ಟಾಗುವಾಗ ಮಾತಾಡಿದವರು ಶೈಲಕ್ಕ. ನಮ್ಮ ಪಕ್ಕದ ಮನೆಯವರು, ಅರವತ್ತರ ಹತ್ತಿರ ವಯಸ್ಸು. ತವರು ಹೊಸನಗರದ ಕಡೆ, ಹಿನ್ನೀರಿನ ಪಕ್ಕದ ಹಳ್ಳಿ. ಮೀಟಿಂಗಿನಲ್ಲಿ ಟೀ ಬಂದಾಗ ಮಾತ್ರ ಬಾಯಿ ತೆರೆಯುವ ಹೆಂಗಸು.

“ನನ್ ತಂಗಿ ಚಿಕ್ಕೋಳಿದ್ದಾಗ ಹೊಳೆ ಮೆಟ್ಲಲ್ಲಿ ಜಾರಿದ್ಲು” ಎಂದರು. “ಬಟ್ಟೆ ಒಗೀತಿದ್ವಿ. ದನ ಹೊಡ್ಕೊಂಡು ಬರ್ತಿದ್ದ ಒಬ್ರು ಹಾರಿ ಎತ್ತಿದ್ರು. ಬದುಕಿದ್ಲು, ಈಗ ತೀರ್ಥಹಳ್ಳೀಲಿ ಇದಾಳೆ. ಆದ್ರೆ ನಾನು ಏನ್ ಮಾಡ್ತಿದ್ದೆ ಗೊತ್ತಾ? ದಡದಲ್ಲಿ ನಿಂತು ಕೂಗ್ತಿದ್ದೆ. ಅವ್ಳ ಕೈ ಕಾಣ್ತಿತ್ತು. ನಂಗೆ ಕೂಗೋದೊಂದೇ ಬರ್ತಿತ್ತು.”

ಶೈಲಕ್ಕ ಅಧ್ಯಕ್ಷರ ಕಡೆ ತಿರುಗಿ ಮುಂದುವರಿಸಿದರು.

“ಸೇತುವೆ ಆಗೋ ಮುಂಚೆ ಸಿಗಂದೂರು ದೇವಸ್ಥಾನಕ್ಕೆ ಹೋಗುವಾಗ ಹೊಳೆಬಾಗಿಲಿಂದ ಲಾಂಚ್ ಹತ್ತಿದ್ರೆ ಆಚೆ ದಡದವರೆಗೂ ಕಣ್ಮುಚ್ಕೊಂಡೇ ಕೂರ್ತಿದ್ದೆ. ಎಲ್ರೂ ಭಕ್ತಿ ಅಂದ್ಕೊಂಡಿದ್ರು. ಹೆದರಿಕೆ ಅದು! ಈಗ ರಜಕ್ಕೆ ಮೊಮ್ಮಕ್ಳು ಬಂದ್ರೆ ಹೊಳೆಗೆ ಕರ್ಕೊಂಡು ಹೋಗೋಳು ನಾನೇ. ಮತ್ತೆ ದಡದಲ್ಲಿ ನಿಂತು ಕೂಗೋದು ನನ್ನಿಂದ ಆಗಲ್ಲ. ನಾನು ಕಲೀಬೇಕು.”

ಹಾಗೆಂದವರೇ ಇಳಿಜಾರಿನಲ್ಲಿ ನಡೆದು, ಗಂಡಸರ ಮಧ್ಯೆ ಜಾಗ ಮಾಡಿಕೊಂಡು, ಆಳದ ತಳದಲ್ಲಿ ಕೂತುಬಿಟ್ಟರು. ಅವರ ಯಜಮಾನರಿಗೆ ಮುಜುಗರ. ಮನೆಮಾತಿನಲ್ಲಿ ಮೆಲ್ಲಗೆ, “ಎಂತ ಇದು? ಮೇಲೆ ಬಾ” ಎಂದರು.

“ಆನು ಬತ್ನಿಲ್ಲೆ.”

ಬರುವುದಿಲ್ಲ ಅಂದದ್ದು ಆ ಭಾಷೆ ಬಾರದವರಿಗೂ ಅರ್ಥವಾಯಿತು. ನಾನು ಅವರ ಪಕ್ಕದಲ್ಲಿ ಹೋಗಿ ಕೂತೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಬಂದರು, ಅಧ್ಯಕ್ಷರ ಹೆಂಡತಿಯೂ ಸೇರಿ. ಜಾಗ ಸಾಲದೆ ಗಂಡಸರು ಹಿಂದೆ ಹಿಂದೆ ಸರಿದು ಮೆಟ್ಟಿಲ ಬಳಿ ಹೋಗಿ ನಿಂತರು. ಮೊದಲು ಕಲಿಯುವುದು ಮೂರಡಿಯಲ್ಲೇ ಅಂತ ನಮಗೂ ಗೊತ್ತು. ಆದರೆ ಕಾಲಿಗೆ ನೆಲ ಸಿಗುವಷ್ಟು ದಿನ ಅದು ಈಜಲ್ಲ, ಸ್ನಾನ!

ನಾನು ಎದ್ದು ಕೇಳಿದೆ, “ಇಷ್ಟು ಹೊತ್ತು ಆಳದಲ್ಲಿ ನಿಂತಿದ್ರಲ್ಲ, ನಿಮ್ಮಲ್ಲಿ ಈಜು ಬರೋರು ಯಾರ್ಯಾರು? ಕೈ ಎತ್ತಿ.”

ಎದ್ದದ್ದು ಎರಡೋ ಮೂರೋ ಕೈ. ಅಧ್ಯಕ್ಷರಿಗೆ ಅದೇ ಹೊತ್ತಿಗೆ ಮೊಬೈಲಿನಲ್ಲಿ ಏನೋ ಅರ್ಜೆಂಟ್ ಮೆಸೇಜ್ ಬಂದಿತ್ತು.

ಮಣ್ಣು ತುಂಬುವ ಮಾತು ಅಲ್ಲಿಗೆ ನಿಂತಿತು. ಆಳ ಹಾಗೇ ಉಳಿಯುತ್ತದೆ, ನಡುವೆ ಹಗ್ಗ ಬರುತ್ತದೆ. ಕಲಿಸಲು ಶಿವಮೊಗ್ಗದಿಂದ ಒಬ್ಬ ಹುಡುಗಿ ಬರಲು ಒಪ್ಪಿದ್ದಾಳೆ. ಲೇಡೀಸ್ ಟೈಮಿಂಗ್ ಬೆಳಿಗ್ಗೆ ಆರಕ್ಕೆ. (ಆ ಹೊತ್ತಿಗೆ ಮನೆಯಲ್ಲಿ ಕಾಫಿ ಮಾಡುವವರು ಯಾರು? ಕುಡಿಯುವವರು.) ಗಣಪತಿ ಇನ್ನು ಮುಂದೆ ಕೆರೆಗೆ, ಹಪ್ಪಳ ತಾರಸಿಗೆ. ನಿನ್ನೆಯಿಂದ ಹಳೇ ಟೈಲ್ಸ್ ಕೀಳುವ ಸದ್ದು ಕೇಳುತ್ತಿದೆ. ಇಷ್ಟು ಹಿತವಾದ ಗಲಾಟೆಯನ್ನು ನಾನು ಇತ್ತೀಚೆಗೆ ಕೇಳಿರಲಿಲ್ಲ.

ನಿನ್ನೆ ಸಂಜೆ ಅಧ್ಯಕ್ಷರು ಫೋನ್ ಮಾಡಿದ್ದರು. ಈಜು ಕಲಿಯುವವರ ಪಟ್ಟಿಗೆ ಹೆಂಡತಿಯ ಹೆಸರು ಸೇರಿಸಿಕೊಳ್ಳಿ ಎಂದರು. ಆಮೇಲೆ ದನಿ ತಗ್ಗಿಸಿ, “ನಮ್ಮಂಥೋರಿಗೂ ಒಂದು ಬ್ಯಾಚ್ ಇರತ್ತಾ ಮೇಡಂ? ಮೊದ್ಲು ಮೂರಡಿ ಕಡೆ ಸಾಕು” ಎಂದರು.

ಕಾಂಪೌಂಡಿನಾಚೆ ನಿಂತಿದ್ದ ಶೈಲಕ್ಕನಿಗೆ ಅದನ್ನು ಹೇಳಿದೆ. ಅವರು ನಗಲಿಲ್ಲ.

“ಕಲೀಲಿ ಪಾಪ. ಅವ್ರು ಮುಳುಗಿದ್ರೂ ಇನ್ಮೇಲೆ ನಾವೇ ಅಲ್ವಾ ಎತ್ತೋದು?”